ಗಂಗೆಯ ಮೀನುಗಳಿಗೆ ಹೆಸರಿಟ್ಟ ವೈದ್ಯ: ಫ್ರಾನ್ಸಿಸ್ ಬುಕಾನನ್

ಮಕ್ಕಳೇ, ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಮೀನು ಹಿಡಿಯುವುದನ್ನು ನೀವು ನೋಡಿರಬಹುದು. ಬಲೆ ಎಳೆದು ದಡಕ್ಕೆ ತಂದಾಗ ಅದರಲ್ಲಿ ಹೆಚ್ಚಾಗಿ ಮೂರು ಬಗೆಯ ದೊಡ್ಡ ಮೀನುಗಳಿರುತ್ತವೆ. ದಪ್ಪ ತಲೆ, ಮೇಲ್ಮುಖವಾದ ಬಾಯಿ ಇದ್ದರೆ ಅದು ಕಾಟ್ಲಾ. ಇದು ನೀರಿನ ಮೇಲ್ಪದರದಲ್ಲಿ ಆಹಾರ ಹುಡುಕುತ್ತದೆ. ಹುರುಪೆಗಳಲ್ಲಿ ನಸುಗೆಂಪು ಛಾಯೆ ಇರುವುದು ರೋಹು. ಇದರದು ನಡುನೀರು. ಕೆರೆಯ ತಳದಲ್ಲಿ ಮೇಯುವುದು ಮೃಗಾಲ್. ಆಹಾರಕ್ಕಾಗಿ ಒಂದಕ್ಕೊಂದು ಹೆಚ್ಚು ಪೈಪೋಟಿ ಇಲ್ಲದ ಕಾರಣ ಈ ಮೂರನ್ನೂ ಒಂದೇ ಕೆರೆಯಲ್ಲಿ ಸಾಕುತ್ತಾರೆ.

ಇವುಗಳಲ್ಲಿ ರೋಹು ಮತ್ತು ಕಾಟ್ಲಾ ಮೀನುಗಳಿಗೆ ವೈಜ್ಞಾನಿಕ ಹೆಸರು ಕೊಟ್ಟವರು ಒಬ್ಬ ವೈದ್ಯರು. ಅವರೇ ಫ್ರಾನ್ಸಿಸ್ ಬುಕಾನನ್.

ಬುಕಾನನ್ 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1783ರಲ್ಲಿ ಪದವಿ ಪಡೆದರು. ಕೆಲವು ವರ್ಷ ಹಡಗುಗಳಲ್ಲಿ ವೈದ್ಯರಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದರು. ಮರುವರ್ಷ ಬರ್ಮಾಕ್ಕೆ ಹೋಗಿಬಂದರು. ಬಳಿಕ ಅವರನ್ನು ಲಕ್ಷ್ಮೀಪುರ ಎಂಬ ಊರಿಗೆ ನೇಮಿಸಲಾಯಿತು. ಅದು ಈಗ ಬಾಂಗ್ಲಾದೇಶದಲ್ಲಿದೆ.

ಆ ಸೀಮೆಯಲ್ಲಿ ಎತ್ತ ನೋಡಿದರೂ ನೀರು. ಮಳೆಗಾಲದಲ್ಲಿ ನದಿಗಳು ದಡ ಮೀರಿ ಗದ್ದೆಗಳಿಗೆ ನುಗ್ಗುತ್ತವೆ. ನೀರಿನ ಜೊತೆ ಮೀನುಗಳೂ ಬರುತ್ತವೆ. ಪ್ರವಾಹ ಇಳಿದ ಮೇಲೆ ತಗ್ಗಿನಲ್ಲಿ ದೊಡ್ಡ ಜೌಗು ಕೆರೆಗಳು ಉಳಿಯುತ್ತವೆ. ಅವನ್ನು ಅಲ್ಲಿಯ ಜನ ಬಿಲ್ ಎನ್ನುತ್ತಾರೆ. ಮನೆಗಳ ಹಿಂದೆಯೂ ಕೊಳಗಳು. ಅನ್ನ ಮತ್ತು ಮೀನೇ ಅಲ್ಲಿನ ಊಟ. ಇಂತಹ ಕಡೆ ಬುಕಾನನ್ ಅವರಿಗೆ ಮೀನುಗಳ ಅಧ್ಯಯನದ ಗೀಳು ಹಿಡಿದದ್ದು ಸಹಜವೇ.

ಅವರು ನಮ್ಮ ನಾಡಿಗೂ ಬಂದಿದ್ದರು! 1799ರಲ್ಲಿ ಟಿಪ್ಪು ಸುಲ್ತಾನರು ಯುದ್ಧದಲ್ಲಿ ಮಡಿದ ಮೇಲೆ, ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಎಂದು ತಿಳಿಯುವ ಆಸೆ ಕಂಪನಿಗೆ ಇತ್ತು. 1800ರ ಏಪ್ರಿಲ್‌ನಲ್ಲಿ ಬುಕಾನನ್ ಮದ್ರಾಸಿನಿಂದ ಹೊರಟರು. ಬೆಂಗಳೂರು, ಶ್ರೀರಂಗಪಟ್ಟಣ, ಸಿರಾ, ಮಂಗಳೂರು, ಶಿರಸಿ, ಬನವಾಸಿ ಮುಂತಾದ ಊರುಗಳನ್ನು ಸುತ್ತಿದರು. ರಾಗಿ ಬಿತ್ತನೆ, ಕೆರೆ ನೀರಾವರಿ, ಕಬ್ಬಿಣ ಕರಗಿಸುವ ಕುಲುಮೆ ಎಲ್ಲವನ್ನೂ ಬರೆದಿಟ್ಟರು. ಆ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅಂದು ಮೈಸೂರು ಸೀಮೆಯ ಕೆರೆಗಳಲ್ಲಿ ರೋಹು, ಕಾಟ್ಲಾ ಇರಲಿಲ್ಲ ಎಂಬುದು ನೆನಪಿರಲಿ. ಅವನ್ನು ಇಲ್ಲಿಗೆ ತಂದದ್ದು 20ನೇ ಶತಮಾನದಲ್ಲಿ.

1807ರಿಂದ 1814ರವರೆಗೆ ಬುಕಾನನ್ ಬಂಗಾಳ ಮತ್ತು ಬಿಹಾರದ ಜಿಲ್ಲೆಗಳನ್ನು ಸುತ್ತಿ ಸಮೀಕ್ಷೆ ಮಾಡಿದರು. ಕಂಪನಿ ಕೊಟ್ಟ ವಿಷಯಗಳ ಪಟ್ಟಿಯಲ್ಲಿ ಕಾಡು, ಗಣಿಗಳ ಜೊತೆ ಮೀನುಗಾರಿಕೆಯೂ ಇತ್ತು. ಕಂಪನಿಗೆ ಬೇಕಿದ್ದದ್ದು ಆದಾಯದ ಲೆಕ್ಕ. ಬುಕಾನನ್ ಮಾತ್ರ ಮೀನಿನ ಈಜುರೆಕ್ಕೆಯ ಕಡ್ಡಿಗಳನ್ನೂ ಎಣಿಸಿದರು! ನೋಡಲು ಒಂದೇ ತರಹ ಇರುವ ಎರಡು ಮೀನುಗಳನ್ನು ಬೇರ್ಪಡಿಸಲು ಈ ಎಣಿಕೆ ಇಂದಿಗೂ ಬೇಕು. ಮುಂದಿನ ಸಲ ಮನೆಗೆ ಮೀನು ತಂದಾಗ ಬೆನ್ನಿನ ಈಜುರೆಕ್ಕೆಯನ್ನು ಬಿಡಿಸಿ ನೀವೂ ಎಣಿಸಿ ನೋಡಿ. ಚೂಪಾದ ಮುಳ್ಳಿದ್ದರೆ ಜೋಕೆ.

ಹೆಸರಿಡುವಾಗ ಬುಕಾನನ್ ಅವರು ಹಲವು ಕಡೆ ಜನರ ಬಾಯಲ್ಲಿದ್ದ ಹೆಸರನ್ನೇ ತೆಗೆದುಕೊಂಡರು. ಬಂಗಾಳಿಗಳ ಕಾಟ್ಲಾ ಹಾಗೆಯೇ ಕಾಟ್ಲಾ ಆಯಿತು. ರೋಹು ರೋಹಿತ ಆಯಿತು. ಸಂಸ್ಕೃತದಲ್ಲಿ ರೋಹಿತ ಎಂದರೆ ಕೆಂಪು. ಕಾಲಬೋಸು ಮೀನು ಕಾಲ್ಬಸು ಆಯಿತು. ಮಾಗುರ್ ಮೀನು ಮಾಗುರ್ ಆಗಿಯೇ ಉಳಿಯಿತು. ವೈಜ್ಞಾನಿಕ ಹೆಸರಿನಲ್ಲಿ ಎರಡು ಭಾಗಗಳಿರುತ್ತವೆ ಎಂದು ನೀವು ಓದಿದ್ದೀರಿ. ಮೊದಲನೆಯದು ಕುಲದ ಹೆಸರು, ಎರಡನೆಯದು ಪ್ರಭೇದದ ಹೆಸರು. ರೋಹುವಿಗೆ ಬುಕಾನನ್ ಕೊಟ್ಟ ಕುಲದ ಹೆಸರು ಸಿಪ್ರಿನಸ್. ಮುಂದೆ ವಿಜ್ಞಾನಿಗಳು ಅದನ್ನು ಲೇಬಿಯೋ ಎಂದು ಬದಲಿಸಿದರು. ಆದರೆ ರೋಹಿತ ಬದಲಾಗಲಿಲ್ಲ. ಜಗತ್ತಿನ ಯಾವ ಭಾಷೆಯ ಮೀನುಶಾಸ್ತ್ರದ ಪುಸ್ತಕ ತೆರೆದರೂ ಆ ಹೆಸರು ಹಾಗೆಯೇ ಇರುತ್ತದೆ.

ಆ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ. ಮೀನು ಒಂದೇ ದಿನದಲ್ಲಿ ಬಣ್ಣಗೆಟ್ಟು ಕೊಳೆಯುತ್ತದೆ. ಆದ್ದರಿಂದ ಚಿತ್ರಗಳೇ ಆಧಾರ. ಬುಕಾನನ್ ಅವರಿಗೆ ಪ್ರಾಣಿಗಳ ಚಿತ್ರ ಬರೆದುಕೊಟ್ಟವರಲ್ಲಿ ಹಲೂದಾರ್ ಎಂಬ ಬಂಗಾಳಿ ಕಲಾವಿದರೂ ಇದ್ದರು. 1815ರಲ್ಲಿ ಬುಕಾನನ್ ಊರಿಗೆ ಮರಳಲು ಸಿದ್ಧರಾದಾಗ ಆಘಾತ ಕಾದಿತ್ತು. ಚಿತ್ರಗಳು ಕಂಪನಿಯ ಸ್ವತ್ತು, ಅವನ್ನು ಕಲ್ಕತ್ತದಲ್ಲೇ ಬಿಟ್ಟು ಹೋಗಬೇಕೆಂದು ಗವರ್ನರ್ ಜನರಲ್ ಅವರ ಸರ್ಕಾರ ಹಟ ಹಿಡಿಯಿತು. ಎಷ್ಟೋ ವರ್ಷಗಳ ದುಡಿಮೆ ಹೀಗೆ ಕೈಬಿಟ್ಟುಹೋಯಿತು. ಬುಕಾನನ್ ಅವರಿಗೆ ಇದು ಬಹಳ ನೋವು ತಂದಿತು.

ಆದರೂ ಅವರು ಕೆಲಸ ನಿಲ್ಲಿಸಲಿಲ್ಲ. 1822ರಲ್ಲಿ ಎಡಿನ್‌ಬರೋದಲ್ಲಿ ಗಂಗಾ ನದಿ ಮತ್ತು ಅದರ ಕವಲುಗಳ ಮೀನುಗಳ ಕುರಿತ ಅವರ ಪುಸ್ತಕ ಹೊರಬಂತು. ಅದರಲ್ಲಿ 250ಕ್ಕೂ ಹೆಚ್ಚು ಬಗೆಯ ಮೀನುಗಳ ವಿವರಣೆಯೂ 39 ಚಿತ್ರಫಲಕಗಳೂ ಇದ್ದವು. ಅಷ್ಟರಲ್ಲಿ ತಾಯಿಯ ಕಡೆಯ ಆಸ್ತಿ ಬಂದದ್ದರಿಂದ ಅವರು ಹ್ಯಾಮಿಲ್ಟನ್ ಎಂಬ ಹೆಸರನ್ನು ಸೇರಿಸಿಕೊಂಡಿದ್ದರು. ಮೀನಿನ ಹೆಸರುಗಳ ಮುಂದೆ ಹ್ಯಾಮಿಲ್ಟನ್, 1822 ಎಂದು ಬರೆದಿರುವುದು ಇವರ ನೆನಪಿಗೇ. 1829ರ ಜೂನ್‌ನಲ್ಲಿ ಅವರು ತೀರಿಕೊಂಡರು.

ಪುಸ್ತಕದಲ್ಲಿದ್ದ ಎಷ್ಟೋ ಮೀನುಗಳಿಗೆ ಚಿತ್ರ ಇರಲಿಲ್ಲ. ಬಹುಪಾಲು ಮೀನುಗಳ ಮಾದರಿಗಳೂ ಉಳಿದಿರಲಿಲ್ಲ. ಇದರಿಂದ ಮುಂದಿನ ವಿಜ್ಞಾನಿಗಳು ತುಂಬಾ ಪರದಾಡಿದರು. ಕಲ್ಕತ್ತದಲ್ಲಿ ಉಳಿದಿದ್ದ ಚಿತ್ರಗಳಲ್ಲಿ ಹಲವನ್ನು ಜಾನ್ ಮ್ಯಾಕ್‌ಕ್ಲೆಲಂಡ್ 1839ರಲ್ಲಿ ಪ್ರಕಟಿಸಿದರು. 1929ರಲ್ಲಿ ನಮ್ಮ ದೇಶದ ಹೆಸರಾಂತ ಮೀನುತಜ್ಞ ಸುಂದರ್ ಲಾಲ್ ಹೋರಾ ಆ ಚಿತ್ರಗಳನ್ನು ಪುಸ್ತಕದ ವಿವರಣೆಗಳೊಡನೆ ಹೋಲಿಸಿ, ಯಾವ ಚಿತ್ರ ಯಾವ ಮೀನಿನದು ಎಂದು ಬರೆದರು. ಆ ಹೊತ್ತಿಗೆ ಬುಕಾನನ್ ತೀರಿಕೊಂಡು ಸರಿಯಾಗಿ 100 ವರ್ಷ ಆಗಿತ್ತು.

ಅವರ ಪುಸ್ತಕದಲ್ಲಿ ಕೋಸಿ ನದಿಯ ಒಂದು ಪುಟ್ಟ ಪಟ್ಟೆಮೀನೂ ಇದೆ. ಅದರ ಈಗಿನ ಹೆಸರು ದಾನಿಯೋ ರೇರಿಯೋ. ಅದರ ಭ್ರೂಣ ಪಾರದರ್ಶಕ, ಹೃದಯ ಬಡಿಯುವುದು ಹೊರಗಿನಿಂದಲೇ ಕಾಣುತ್ತದೆ. ಅದಕ್ಕೇ ರೋಗಗಳ ಸಂಶೋಧನೆಗಾಗಿ ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ಈ ಮೀನನ್ನು ಸಾಕುತ್ತಿದ್ದಾರೆ.