ಹಂಪಿಯ ಬಂಡೆ ಆ್ಯಸಿಡ್‌ಗೆ ಕರಗುತ್ತದೆಯೇ? ಕಲ್ಲುಗಳ ಗುರುತು ಹಿಡಿದ ಬ್ರೂಸ್ ಫೂಟ್ ಕಥೆ

ಕಲ್ಲಿನ ನೆಲಕ್ಕೆ ಆ್ಯಸಿಡ್ ಹಾಕಿ ಉಜ್ಜಿದರೆ ಹೊಸದರಂತೆ ಹೊಳೆಯುತ್ತದೆ ಎನ್ನುವ ಫಾರ್ವರ್ಡ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದನ್ನು ಮುಂದೆ ಕಳಿಸುವ ಮೊದಲು, ಬಳ್ಳಾರಿ ಸೀಮೆಯ ಕಲ್ಲುಗಳನ್ನು ಅಲೆದು ನೋಡಿದ ಒಬ್ಬರ ಪರಿಚಯ ಮಾಡಿಕೊಳ್ಳೋಣ.

ರಾಬರ್ಟ್ ಬ್ರೂಸ್ ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದರು. 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಅವರಿಗೆ ಹಳೆಯ ಶಿಲಾಯುಗದ ಕಲ್ಲಿನ ಆಯುಧ ಸಿಕ್ಕಿತು. ಹೆಚ್ಚಿನವರಿಗೆ ಅವರು ಗೊತ್ತಿರುವುದು ಇದರಿಂದಲೇ. ನಮಗೆ ಹತ್ತಿರದ್ದು ಅವರ ಬಳ್ಳಾರಿ ಕೆಲಸ. ಹೊಸಪೇಟೆ, ಹಂಪಿ, ಕಂಪ್ಲಿ ಕಡೆ ಗ್ರಾನೈಟ್ ಬಂಡೆಗಳು. ಪಕ್ಕದ ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಇರುವ ಬೇರೆಯೇ ಜಾತಿಯ ಕಲ್ಲು. ಈ ಎರಡನೆಯ ಜಾತಿಯನ್ನು ಬೇರ್ಪಡಿಸಿ 'ಧಾರವಾಡ' ಎಂದು ಹೆಸರಿಟ್ಟವರು ಫೂಟ್. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವರ ಗ್ರಂಥ 1895ರಲ್ಲಿ ಬಂತು.

ಕಲ್ಲಿನ ಗುರುತು ಹಿಡಿಯಲು ಭೂವಿಜ್ಞಾನಿಗಳು ಹಿಂದಿನಿಂದಲೂ ಬಳಸುವ ಒಂದು ಉಪಾಯ, ಒಂದು ಹನಿ ತೆಳು ಆ್ಯಸಿಡ್. ಸುಣ್ಣಕಲ್ಲಾದರೆ ಬುಸ್ಸೆಂದು ನೊರೆ ಬರುತ್ತದೆ. ಕ್ಯಾಲ್ಸಿಯಂ ಕಾರ್ಬೋನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹೊರಬರುವುದೇ ಆ ನೊರೆ. ಅಂದರೆ ಕೊಳೆಯಲ್ಲ, ಕಲ್ಲೇ ಕರಗುತ್ತಿದೆ! ನಮ್ಮ ಮನೆಗಳ ಶಹಾಬಾದ್ ಕಲ್ಲು, ಕಡಪ ಕಲ್ಲು ಸುಣ್ಣಕಲ್ಲೇ. ಅಮೃತಶಿಲೆಯಲ್ಲೂ ಇರುವುದು ಅದೇ ಕಾರ್ಬೋನೇಟ್. ನಿಂಬೆರಸ, ಹುಣಸೆನೀರು ಬಿದ್ದರೂ ಹೊಳಪು ಹೋಗಿ ಮಂಕು ಮಚ್ಚೆ ಉಳಿಯುತ್ತದೆ. ಎಷ್ಟು ಒರೆಸಿದರೂ ಹೋಗದು, ಮತ್ತೆ ಪಾಲಿಶ್ ಮಾಡಿಸಬೇಕು.

ಹಂಪಿಯ ಗ್ರಾನೈಟ್ ಹೀಗೆ ನೊರೆಯುವುದಿಲ್ಲ. ಹಾಗಂತ ಅಲ್ಲಿ ಆ್ಯಸಿಡ್ ಸುರಿಯಬಹುದೇ? ಖಂಡಿತ ಬೇಡ. ಗ್ರಾನೈಟಿನಲ್ಲಿರುವ ಕಬ್ಬಿಣದ ಖನಿಜಗಳು ಕೆಟ್ಟು ತುಕ್ಕಿನ ಕಲೆ ಮೂಡಬಹುದು. ವಿರೂಪಾಕ್ಷ ಗೋಪುರದ ಮೇಲ್ಭಾಗವಂತೂ ಇಟ್ಟಿಗೆ, ಗಾರೆಯದು, ಗಾರೆಯೆಂದರೆ ಸುಣ್ಣವೇ.

ಮನೆಯಲ್ಲಿ ಟಾಯ್ಲೆಟ್ ಆ್ಯಸಿಡನ್ನು ಬ್ಲೀಚಿಂಗ್ ಪೌಡರ್ ಜೊತೆ ಬೆರೆಸುವುದು ಇನ್ನೂ ಅಪಾಯ. ಏಳುವುದು ವಿಷದ ಕ್ಲೋರಿನ್ ಅನಿಲ. ಕಲ್ಲಿನ ನೆಲಕ್ಕೆ ನೀರು, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಆ್ಯಸಿಡ್ ಚೆಲ್ಲಿದ್ದರೆ ತಕ್ಷಣ ಧಾರಾಳವಾಗಿ ನೀರು ಹಾಕಿ.

1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಫೂಟ್ ಅವರೇ ಮೊದಲ ಮುಖ್ಯಸ್ಥರು. ತೀರಿಕೊಂಡಿದ್ದು 1912ರಲ್ಲಿ. ಅವರು ಕೂಡಿಸಿದ ಕಲ್ಲಿನ ಆಯುಧಗಳನ್ನು ಚೆನ್ನೈನ ಸರ್ಕಾರಿ ಮ್ಯೂಸಿಯಂ ಕಾಪಾಡಿಕೊಂಡಿದೆ.