ಬಹುಶ್ರುತ ವಿದ್ವಾಂಸ ಥಾಮಸ್ ಯಂಗ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮಳೆ ಹೊಳವಾದ ಮೇಲೆ ತೋಟದೊಳಗೆ ನಡೆದವರಿಗೆ ಒಂದು ನೋಟ ಚಿರಪರಿಚಿತವಾದುದು. ಕೆಸುವಿನ ಎಲೆಯ ಮೇಲಿನ ಹನಿ ಮುತ್ತಿನಂತೆ ಉರುಳಿಹೋಗುತ್ತದೆ. ಅದೇ ಹನಿ ಪಕ್ಕದ ಒಣಮಟ್ಟೆಯ ನಾರಿನ ಮೇಲೆ ಬಿದ್ದರೆ ಹರಡಿ ಇಂಗಿಹೋಗುತ್ತದೆ. ನೀರು ಒಂದೇ ಆಗಿರಲು ಈ ಭೇದವೇಕೆ? ದ್ರವವು ಘನವಸ್ತುವನ್ನು ತೋಯಿಸುವ ಬಗೆಗೆ ತಳಹದಿಯಾದ ನಿಯಮವನ್ನು ಕೊಟ್ಟವರು ಇಂಗ್ಲೆಂಡಿನ ಥಾಮಸ್ ಯಂಗ್ ಅವರು.

ಯಂಗ್ ಅವರು 1773ರ ಜೂನ್ 13ರಂದು ಸಾಮರ್ಸೆಟ್ ಪ್ರಾಂತ್ಯದ ಮಿಲ್ವರ್ಟನ್ನಿನಲ್ಲಿ ಕ್ವೇಕರ್ ಪಂಥದ ಮನೆತನದ ಹತ್ತು ಮಕ್ಕಳಲ್ಲಿ ಹಿರಿಯರಾಗಿ ಜನಿಸಿದರು. ಎರಡನೆಯ ವಯಸ್ಸಿಗೇ ಓದಬಲ್ಲವರಾಗಿದ್ದರು. ಎಳವೆಯಲ್ಲಿಯೇ ಗ್ರೀಕ್, ಲ್ಯಾಟಿನ್, ಹೀಬ್ರೂ, ಅರಬ್ಬೀ, ಪಾರಸೀ ಭಾಷೆಗಳನ್ನು ಅಭ್ಯಸಿಸಿದರು. ಸಂಸ್ಕೃತವನ್ನೂ ಯೂರೋಪಿನ ಭಾಷೆಗಳನ್ನೂ ಒಳಗೊಂಡ ಕುಲಕ್ಕೆ ಇಂಡೋ-ಯೂರೋಪಿಯನ್ ಎಂಬ ಹೆಸರನ್ನು 1813ರಲ್ಲಿ ಬಳಸಿದವರೂ ಇವರೇ. ಭಾಷಾಶಾಸ್ತ್ರವನ್ನು ಬೋಧಿಸುವವರೂ ಇದನ್ನು ಮರೆಯುವುದುಂಟು. ವೃತ್ತಿಯಿಂದ ವೈದ್ಯರು, 1796ರಲ್ಲಿ ಗಟಿಂಗೆನ್ನಿನಲ್ಲಿ ಪದವಿ ಪಡೆದರು. 1801ರಿಂದ ಎರಡು ವರ್ಷ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಜ್ಞಾನ ಅಪಾರವಾಗಿದ್ದರೂ ಅವರ ಉಪನ್ಯಾಸ ಕೇಳುಗರ ತಲೆಗೆ ಹತ್ತುತ್ತಿರಲಿಲ್ಲ. ಬೋಧಕರಾದವರು ಇದನ್ನು ಗಮನಿಸಬೇಕು.

ಬೆಳಕು ಅಲೆಯ ರೂಪದ್ದೆಂದು ಅವರು ಸಾಧಿಸಹೊರಟಾಗ ಹೆನ್ರಿ ಬ್ರೂಮ್ ಎಂಬಾತ ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಅವರನ್ನು ಕಟುವಾಗಿ ಹೀಯಾಳಿಸಿದನು. ನ್ಯೂಟನ್ನರ ಮತಕ್ಕೆ ವಿರೋಧವೆಂಬುದೇ ಅಪರಾಧ! ಯಂಗ್ ಅವರು 1804ರಲ್ಲಿ ಉತ್ತರವಾಗಿ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿದರು. ಮಾರಾಟವಾದುದು ಒಂದೇ ಪ್ರತಿಯೆಂದು ಅವರೇ ಹೇಳಿಕೊಂಡಿದ್ದಾರೆ.

ಇಂಥ ಅವಮಾನದ ವರ್ಷದಲ್ಲಿಯೇ, ಡಿಸೆಂಬರ್ 20ರಂದು, ದ್ರವಗಳ ಅಂಟುಗುಣವನ್ನು ಕುರಿತ ಅವರ ಪ್ರಬಂಧ ರಾಯಲ್ ಸೊಸೈಟಿಯಲ್ಲಿ ಓದಲ್ಪಟ್ಟಿತು, 1805ರಲ್ಲಿ ಪ್ರಕಟವಾಯಿತು. ಹನಿಯ ಅಂಚು ಘನವಸ್ತುವನ್ನು ಮುಟ್ಟುವೆಡೆ ಮೂರು ಎಳೆತಗಳು ಸಮತೂಕಕ್ಕೆ ಬರುತ್ತವೆ; ಆದ್ದರಿಂದ ಆಯಾ ದ್ರವಕ್ಕೂ ಘನಕ್ಕೂ ಒಂದು ನಿಯತವಾದ ಸ್ಪರ್ಶಕೋನವುಂಟು ಎಂಬುದೇ ಅದರ ತಿರುಳು. ಕೋನ ಕಿರಿದಾದರೆ ದ್ರವ ಹರಡುತ್ತದೆ. ಹಿರಿದಾದರೆ ಗುಂಡಾಗಿ ನಿಲ್ಲುತ್ತದೆ. ಇದನ್ನವರು ಸಮೀಕರಣವಿಲ್ಲದೆ ಬರಿಯ ಮಾತಿನಲ್ಲಿಯೇ ಬರೆದರು. ವೃತ್ತಿಯಿಲ್ಲದ ಸೂತ್ರದಂತೆ ಅದು ಓದುವವರಿಗೆ ಕಠಿಣವಾಯಿತು.

ಮುಂದೆ ಫ್ರಾನ್ಸಿನ ಫ್ರೆನೆಲ್ ಅವರ ಕಾರ್ಯದಿಂದ ಬೆಳಕಿನ ವಿಷಯದಲ್ಲಿ ಯಂಗ್ ಅವರಿಗೆ ಮನ್ನಣೆ ದೊರೆಯಿತು. ರೊಸೆಟ್ಟಾ ಶಿಲೆಯ ಈಜಿಪ್ಟ್ ಲಿಪಿಯನ್ನು ಬಿಡಿಸುವುದರಲ್ಲಿಯೂ ಅವರು ಮೊದಲಿಗರ ಸಾಲಿನಲ್ಲಿದ್ದರು. 1829ರ ಮೇ 10ರಂದು ನಿಧನರಾದರು. ರೋಗಶಯ್ಯೆಯಲ್ಲಿಯೂ ಈಜಿಪ್ಟ್ ಭಾಷೆಯ ನಿಘಂಟಿನ ಕೆಲಸವನ್ನು ಬಿಟ್ಟಿರಲಿಲ್ಲ.

ಅವರ ನಿಯಮ ನುಣುಪಾದ ಮೇಲ್ಮೈಗೆ ಸಲ್ಲುವಂಥದು. ಒರಟಿನ ಮಾತು ಬಹುಕಾಲ ಉಳಿದೇ ಇತ್ತು. 1936ರಲ್ಲಿ ವೆನ್‌ಜೆಲ್ ಎಂಬವರು, ಒರಟು ಮೇಲ್ಮೈಯ ನಿಜವಾದ ವಿಸ್ತಾರ ಹೆಚ್ಚಾದುದರಿಂದ ತೋಯುವ ವಸ್ತು ಮತ್ತಷ್ಟು ತೋಯುವುದೆಂದೂ ತೋಯದುದು ಮತ್ತಷ್ಟು ದೂರ ತಳ್ಳುವುದೆಂದೂ ತೋರಿಸಿದರು. 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಅವರು ಸಂದುಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನೂ ಲೆಕ್ಕಕ್ಕೆ ತಂದರು. ಕೆಸುವಿನ ಎಲೆಯಲ್ಲಿ ಮೇಣ ಬಳಿದ ಅತಿಸೂಕ್ಷ್ಮವಾದ ಗುಬ್ಬಿಗಳಿದ್ದು, ಹನಿ ಅವುಗಳ ತುದಿಯ ಮೇಲೆ, ಬಹುಪಾಲು ಗಾಳಿಯ ಮೇಲೆಯೇ ಕುಳಿತಿರುತ್ತದೆ. ಈ ಎರಡು ಲೆಕ್ಕಗಳೂ ಮೊದಲಾಗುವುದು ಯಂಗ್ ಅವರ ಸ್ಪರ್ಶಕೋನದಿಂದಲೇ.