96ರಲ್ಲಿ ಸೊಂಟ ಮುರೀತು, ಪಾಠ ನಿಲ್ಲಲಿಲ್ಲ: ನಮ್ಮ ಜಿಲ್ಲೆಯ ಯೋಗ ಮೇಷ್ಟ್ರು ಕೃಷ್ಣಮಾಚಾರ್ಯರ ಕಥೆ

ಮನೆಯಲ್ಲಿ ಹಿರಿಯರೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು ಅಂದ್ರೆ ಸಾಕು, ಇನ್ನು ಅವರ ಕಥೆ ಇಷ್ಟೇ ಅಂತ ಬೀದಿಯವರೆಲ್ಲ ಮಾತಾಡೋಕೆ ಶುರು ಮಾಡ್ತಾರೆ. ಮಕ್ಕಳು ಮೊಮ್ಮಕ್ಕಳು ಊರಿಂದ ಬಂದು ನೋಡಿ ಹೋಗ್ತಾರೆ. ಬಿದ್ದವರಿಗೂ ಅದೇ ಭಯ. ಏಳಬೇಕು ಅನ್ನೋ ಮನಸ್ಸೇ ಹೋಗಿಬಿಡುತ್ತೆ.

1984ರಲ್ಲಿ ಮದ್ರಾಸಿನಲ್ಲಿ 96ರ ಹತ್ತಿರದ ಒಬ್ಬ ಹಿರಿಯರಿಗೆ ಹೀಗೇ ಸೊಂಟದ ಮೂಳೆ ಮುರೀತು. ಅವರು ಶಸ್ತ್ರಚಿಕಿತ್ಸೆ ಬೇಡ ಅಂದರು. ಮಲಗಿದ್ದ ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸವನ್ನ ತಮಗೆ ತಾವೇ ಹೊಂದಿಸಿಕೊಂಡರು. ಚೇತರಿಸಿಕೊಂಡು ಮತ್ತೆ ಪಾಠ ಹೇಳಿದರು. ಆಮೇಲೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು, ನೂರು ತುಂಬಿದ ಮೇಲೇ ಹೋದರು.

ಆ ಹಿರಿಯರು ತಿರುಮಲೈ ಕೃಷ್ಣಮಾಚಾರ್ಯ. ಇವತ್ತು ಅಮೆರಿಕ, ಯುರೋಪಿನವರೆಲ್ಲ ಮಾಡ್ತಿರೋ ಯೋಗದ ಬಹುಪಾಲು ಇವರ ಕೈಯಿಂದ, ಇವರ ಶಿಷ್ಯರ ಕೈಯಿಂದ ಹೋದದ್ದು. ಆದರೆ ಅವರು ಹುಟ್ಟಿದ್ದು ನಮ್ಮ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಅನ್ನೋದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅಪ್ಪನೇ ಮೊದಲ ಗುರು

ಹುಟ್ಟಿದ ದಿನ 1888ರ ನವೆಂಬರ್ 18. ತಂದೆ ಶ್ರೀನಿವಾಸ ತಾತಾಚಾರ್ಯರು ವೇದ ಬಲ್ಲವರು. ಮಗನಿಗೆ ಐದನೇ ವಯಸ್ಸಿಗೇ ಸಂಸ್ಕೃತದ ಜೊತೆ ಆಸನ, ಪ್ರಾಣಾಯಾಮ ಹೇಳಿಕೊಡೋಕೆ ಶುರು ಮಾಡಿದರು. ಆದರೆ ಹುಡುಗನಿಗೆ ಹತ್ತು ವರ್ಷ ಆಗುವ ಹೊತ್ತಿಗೆ ಅಪ್ಪ ತೀರಿಕೊಂಡರು. ಸಂಸಾರ ಮೈಸೂರಿಗೆ ಹೋಯಿತು. ಅಲ್ಲಿ ಪರಕಾಲ ಮಠದ ಆಶ್ರಯದಲ್ಲಿ ಓದು ಮುಂದುವರೀತು. ಆಮೇಲೆ ಕಾಶಿಗೆ ಹೋಗಿ ವ್ಯಾಕರಣ, ತರ್ಕ, ಮೀಮಾಂಸೆ ಓದಿದರು. ಆಯುರ್ವೇದವನ್ನೂ ಕಲಿತರು. ಹಿಮಾಲಯದಾಚೆ ಮಾನಸ ಸರೋವರದ ಕಡೆ ರಾಮಮೋಹನ ಬ್ರಹ್ಮಚಾರಿ ಅನ್ನೋ ಗುರುಗಳ ಹತ್ತಿರ ಏಳೂವರೆ ವರ್ಷ ಇದ್ದು ಯೋಗ ಕಲಿತದ್ದಾಗಿ ಅವರೇ ಹೇಳಿಕೊಂಡಿದ್ದಾರೆ.

ಇಷ್ಟೆಲ್ಲ ಓದಿದವರಿಗೆ ದೊಡ್ಡ ಹುದ್ದೆ ಸಿಗಬೇಕಿತ್ತು. ಆದರೆ ಆಗಿನ ಕಾಲಕ್ಕೆ ಯೋಗದಿಂದ ಹೊಟ್ಟೆ ತುಂಬೋದು ಕಷ್ಟ. ನಾಮಗಿರಿಯಮ್ಮನವರನ್ನ ಮದುವೆಯಾದ ಮೇಲೆ ಸಂಸಾರ ನಡೆಸೋಕೆ ಅಂತ ಹಾಸನ ಜಿಲ್ಲೆಯ ಕಾಫಿ ತೋಟದಲ್ಲಿ ಮೇಸ್ತ್ರಿ ಕೆಲಸಕ್ಕೆ ಸೇರಿಕೊಂಡರು. ಹಗಲೆಲ್ಲ ಆಳುಗಳ ಲೆಕ್ಕ, ರಜೆ ಸಿಕ್ಕಾಗ ಯೋಗದ ಬಗ್ಗೆ ಭಾಷಣ. ಅಂಥ ಒಂದು ಭಾಷಣ, ಪ್ರದರ್ಶನವನ್ನ 1927ರಲ್ಲಿ ಹಾಸನದಲ್ಲಿ ನೋಡಿದ ಹನ್ನೆರಡು ವರ್ಷದ ಹುಡುಗನೇ ಮುಂದೆ ಹೆಸರು ಮಾಡಿದ ಪಟ್ಟಾಭಿ ಜೋಯಿಸರು.

ಅರಮನೆಯ ಯೋಗಶಾಲೆ

ಆ ಹೊತ್ತಿಗೆ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಮಹಾರಾಜರ ಕಣ್ಣಿಗೆ ಬಿದ್ದ ಕೃಷ್ಣಮಾಚಾರ್ಯರಿಗೆ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುವ ಅವಕಾಶ ಸಿಕ್ತು. 1934ರಲ್ಲಿ ಅವರ ‘ಯೋಗ ಮಕರಂದ’ ಪುಸ್ತಕ ಬಂತು, ಅದೂ ಕನ್ನಡದಲ್ಲಿ. 1941ರಲ್ಲಿ ‘ಯೋಗಾಸನಗಳು’ ಬಂತು. ಇವತ್ತು ಇಂಗ್ಲಿಷಿನಲ್ಲಿ ಓದ್ತಿರೋ ಎಷ್ಟೋ ಯೋಗ ಪಾಠದ ಬೇರು ಈ ಎರಡು ಕನ್ನಡ ಪುಸ್ತಕದಲ್ಲಿದೆ.

ಮೈಸೂರಿನ ಪಾಠ ಬಹಳ ಬಿರುಸು. ಕಲಿಯೋರು ಹೆಚ್ಚಿನವರು ಹುಡುಗರು. ಜಿಗಿಯೋದು, ಬಾಗೋದು, ಒಂದು ಆಸನದಿಂದ ಇನ್ನೊಂದಕ್ಕೆ ಉಸಿರು ಲೆಕ್ಕ ಹಾಕಿಕೊಂಡು ಹಾರೋದು. ಮೇಷ್ಟ್ರು ತುಂಬಾ ಕಟ್ಟುನಿಟ್ಟು, ಸಿಟ್ಟು ಮೂಗಿನ ತುದಿಯಲ್ಲೇ. ನಾಮಗಿರಿಯಮ್ಮನವರ ತಮ್ಮ ಬಿ.ಕೆ.ಎಸ್. ಅಯ್ಯಂಗಾರ್ 1934ರಲ್ಲಿ ಅಕ್ಕನ ಮನೆಗೆ ಬಂದಾಗ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಕಂಡು ಸೊರಗಿದ್ದ ಹುಡುಗ. ಭಾವನ ಕೈಯಲ್ಲಿ ತಾನು ಪಟ್ಟ ಪಾಡನ್ನ ಅಯ್ಯಂಗಾರ್ ಮುಂದೆ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಆ ಸೊರಗಿದ ಹುಡುಗ 95 ವರ್ಷ ಬದುಕಿ ಲೋಕಕ್ಕೆಲ್ಲ ಯೋಗ ಕಲಿಸಿದ್ದು ಮಾತ್ರ ನಮ್ಮ ಕಣ್ಣೆದುರಿನ ಸಂಗತಿ.

ಜನರನ್ನ ಸೆಳೆಯೋಕೆ ಮೇಷ್ಟ್ರು ಊರೂರಲ್ಲಿ ಪ್ರದರ್ಶನವನ್ನೂ ಕೊಡ್ತಿದ್ದರು. ಕೈಯಿಂದ ಕಾರು ತಡೆಯೋದು, ಭಾರವಾದ ವಸ್ತುವನ್ನ ಹಲ್ಲಲ್ಲಿ ಎತ್ತೋದು, ನಾಡಿ ಸಿಗದ ಹಾಗೆ ಮಾಡಿ ತೋರಿಸೋದು ಇಂಥವು ಅವರ ಜೀವನಚರಿತ್ರೆಗಳಲ್ಲಿ ಬರುತ್ತವೆ. ಯೋಗ ಅಂದ್ರೆ ಏನು ಅಂತ ಜನಕ್ಕೆ ಗೊತ್ತಿಲ್ಲದ ಕಾಲ ಅದು. ಅಂಗಡಿ ಮುಂದೆ ಬೋರ್ಡು ಹಾಕಿದ ಹಾಗೆ ಅಂತ ಇಟ್ಟುಕೊಳ್ಳಿ. ಒಳಗಿದ್ದ ಸರಕು ಬೇರೆಯೇ.

ಅರವತ್ತು ದಾಟಿದ ಮೇಲೆ ಮತ್ತೆ ಶುರು

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಅರಮನೆಯ ಆಶ್ರಯವೂ ಹೋಯಿತು. 1950ರಲ್ಲಿ ಯೋಗಶಾಲೆ ಬಾಗಿಲು ಹಾಕಿತು. ಮೇಷ್ಟ್ರಿಗೆ ಆಗ ಅರವತ್ತು ದಾಟಿತ್ತು. ಆರು ಮಕ್ಕಳ ದೊಡ್ಡ ಸಂಸಾರ, ಕೈಯಲ್ಲಿ ಕೆಲಸ ಇಲ್ಲ. ಅರವತ್ತಕ್ಕೆ ಗಲ್ಲಾ ಮಗನ ಕೈಗೆ ಕೊಟ್ಟು ಜಗಲಿ ಮೇಲೆ ಕೂರೋದು ನಮ್ಮಲ್ಲಿ ವಾಡಿಕೆ. ಇವರು ಆ ವಯಸ್ಸಲ್ಲಿ ಊರು ಬಿಟ್ಟು, ಭಾಷೆ ಬೇರೆ ಇರೋ ಮದ್ರಾಸಿಗೆ ಹೋಗಿ ಮೊದಲಿಂದ ಶುರು ಮಾಡಿದರು. 1952ರ ಹೊತ್ತಿಗೆ ಅವರನ್ನ ಅಲ್ಲಿಗೆ ಕರೆಸಿಕೊಂಡವರು ಪಾರ್ಶ್ವವಾಯು ಹೊಡೆದಿದ್ದ ಒಬ್ಬ ಹೆಸರಾಂತ ವಕೀಲರು.

ಇಲ್ಲಿಂದಲೇ ಅವರ ಪಾಠ ಬದಲಾಯಿತು. ಮದ್ರಾಸಿನಲ್ಲಿ ಬಂದವರು ಹಾರೋ ಹುಡುಗರಲ್ಲ. ಕೈಕಾಲು ಬಿದ್ದವರು, ಸಕ್ಕರೆ ಕಾಯಿಲೆಯವರು, ನಿದ್ದೆ ಬಾರದವರು, ಮಂಡಿ ನೋವಿನ ಹೆಂಗಸರು, ಕಚೇರಿಯಲ್ಲಿ ಕೂತು ಕೂತು ಬೆನ್ನು ಹಿಡಿದವರು. ಇವರಿಗೆಲ್ಲ ಮೈಸೂರಿನ ಪಾಠ ಹೇಳಿಕೊಟ್ಟರೆ ಆಗುತ್ತಾ? ಅದಕ್ಕೇ ಮೇಷ್ಟ್ರು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ನಾಡಿ ಹಿಡಿದು, ಊಟ ನಿದ್ದೆ ಕೆಲಸ ಎಲ್ಲಾ ವಿಚಾರಿಸಿ, ಅವರವರಿಗೆ ತಕ್ಕ ಹಾಗೆ ಪಾಠ ಕೊಡೋಕೆ ಶುರು ಮಾಡಿದರು. ಮನುಷ್ಯ ಯೋಗಕ್ಕೆ ಹೊಂದಿಕೊಳ್ಳೋದಲ್ಲ, ಯೋಗವೇ ಮನುಷ್ಯನಿಗೆ ಹೊಂದಿಕೊಳ್ಳಬೇಕು ಅನ್ನೋದು ಅವರ ಪಾಠದ ಸಾರ.

ಅವರ ಮಗ ದೇಶಿಕಾಚಾರ್ ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಹೊರಟಿದ್ದವರು. 1960ರ ದಶಕದ ಶುರುವಿನಲ್ಲಿ ಒಂದು ದಿನ ವಿದೇಶಿ ಹೆಂಗಸೊಬ್ಬರು ಕಾರಿಂದ ಇಳಿದು ಬಂದು ತಮ್ಮ ತಂದೆಯನ್ನ ಸಂತೋಷದಿಂದ ಅಪ್ಪಿಕೊಂಡದ್ದನ್ನ ನೋಡಿ ದಂಗಾದರು. ವಿಚಾರಿಸಿದರೆ, ವರ್ಷಗಟ್ಟಲೆ ಮಾತ್ರೆ ಇಲ್ಲದೆ ನಿದ್ದೆ ಬಾರದಿದ್ದ ಆಕೆ ಹಿಂದಿನ ರಾತ್ರಿ ಮಾತ್ರೆ ಇಲ್ಲದೆ ಮಲಗಿದ್ದರು. ಎಂಜಿನಿಯರ್ ಮಗ ಕೆಲಸ ಬಿಟ್ಟು ಅಪ್ಪನಿಗೆ ಶಿಷ್ಯನಾದರು. 1976ರಲ್ಲಿ ಅವರು ಮದ್ರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರ ಕಟ್ಟಿದರು.

ವಯಸ್ಸಿಗೆ ತಕ್ಕ ಪಾಠ

ಮೇಷ್ಟ್ರ ಲೆಕ್ಕ ಸರಳ. ಬೆಳೆಯೋ ವಯಸ್ಸಲ್ಲಿ ಮೈ ಬೆಳೆಸೋ ಅಭ್ಯಾಸ, ಹೆಚ್ಚು ಆಸನ. ಸಂಸಾರ, ದುಡಿಮೆಯ ವಯಸ್ಸಲ್ಲಿ ಇರೋ ಆರೋಗ್ಯ ಕಾಪಾಡೋ ಅಭ್ಯಾಸ, ಸ್ವಲ್ಪ ಆಸನ, ಸ್ವಲ್ಪ ಪ್ರಾಣಾಯಾಮ. ವಯಸ್ಸಾದ ಮೇಲೆ ಉಸಿರು, ಜಪ, ಧ್ಯಾನಕ್ಕೆ ಹೆಚ್ಚು ಹೊತ್ತು, ಮೈಗೆ ಸುಲಭವಾದ ಕೆಲವೇ ಚಲನೆ. ಮಂಡಿ ಬಗ್ಗದಿದ್ದರೆ ಕುರ್ಚಿ ಮೇಲೆ. ಕೂರೋಕೂ ಆಗದಿದ್ದರೆ ಮಲಗಿಕೊಂಡು. ಕೈ ಎತ್ತುವಾಗ ಉಸಿರು ಒಳಕ್ಕೆ, ಇಳಿಸುವಾಗ ಹೊರಕ್ಕೆ. ಉಸಿರು ಏದುಸಿರಾಯಿತು ಅಂದ್ರೆ ಅತಿಯಾಯಿತು ಅಂತ ಅರ್ಥ, ಅಲ್ಲಿಗೆ ನಿಲ್ಲಿಸಿ ಸುಧಾರಿಸಿಕೊಳ್ಳಬೇಕು.

ಸೊಂಟ ಮುರಿದಾಗ ಅವರ ಕೈ ಹಿಡಿದದ್ದು ಇದೇ ಪಾಠ. ಮೂವತ್ತು ವರ್ಷ ರೋಗಿಗಳಿಗೆ ಹೇಳಿಕೊಟ್ಟದ್ದನ್ನ 96ರಲ್ಲಿ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಐವತ್ತರ ಹತ್ತಿರ ಬಂದಾಗ ತೆಗೆದ 1938ರ ಮೂಕಿ ಚಿತ್ರದಲ್ಲಿ ಕಷ್ಟದ ಆಸನಗಳನ್ನ ನೀರು ಕುಡಿದ ಹಾಗೆ ಮಾಡಿದ್ದ ಮನುಷ್ಯ, ಹಾಸಿಗೆಯಲ್ಲಿ ಮಲಗಿ ಮಾಡೋ ಸಣ್ಣ ಚಲನೆಗೆ ನಾಚಿಕೆ ಪಟ್ಟುಕೊಳ್ಳಲಿಲ್ಲ. ಆಗ ಮಾಡ್ತಿದ್ದದ್ದು ಈಗ ಆಗಲ್ಲವಲ್ಲ ಅಂತ ಕೊರಗುತ್ತಾ ಕೂರಲಿಲ್ಲ. ಇವತ್ತು ಎಷ್ಟು ಆಗುತ್ತೋ ಅಷ್ಟು, ಆದರೆ ಬಿಡದೆ.

ಒಂದು ಎಚ್ಚರಿಕೆ ಮಾತು ಹೇಳಲೇಬೇಕು. ಅವರು ಶಸ್ತ್ರಚಿಕಿತ್ಸೆ ಬೇಡ ಅಂದರು ಅಂತ ನಾವೂ ಹಾಗೇ ಮಾಡೋದು ತಪ್ಪು. ಹಿರಿಯರ ಸೊಂಟದ ಮೂಳೆ ಮುರಿದರೆ ವೈದ್ಯರು ಈಗ ಸಾಧ್ಯವಾದಷ್ಟು ಬೇಗ ಶಸ್ತ್ರಚಿಕಿತ್ಸೆ ಮಾಡಿ, ಬೇಗನೇ ಎಬ್ಬಿಸಿ ನಡೆಸೋಕೆ ನೋಡ್ತಾರೆ. ತಿಂಗಳುಗಟ್ಟಲೆ ಮಲಗಿದರೆ ಬೆನ್ನಿಗೆ ಹುಣ್ಣು, ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು ಎಲ್ಲಾ ಬರುತ್ತೆ. ನಾಟಿ ಪಟ್ಟು ಕಟ್ಟಿಸಿಕೊಂಡು ಕಾಯೋದು ಬೇಡ, ಮೊದಲು ಆಸ್ಪತ್ರೆ. ಮೇಷ್ಟ್ರಿಂದ ಕಲಿಯಬೇಕಾದ್ದು ಆಸ್ಪತ್ರೆ ಬೇಡ ಅನ್ನೋದನ್ನಲ್ಲ, ಬಿದ್ದ ಮೇಲೂ ಏಳೋ ಅಭ್ಯಾಸ ಬಿಡಬಾರದು ಅನ್ನೋದನ್ನ. ಶಸ್ತ್ರಚಿಕಿತ್ಸೆ ಆದವರಿಗೂ ಫಿಸಿಯೋಥೆರಪಿಯವರು ದಿನಾ ಹೇಳೋದು ಇದನ್ನೇ.

ಕೊನೆಯವರೆಗೂ ಮೇಷ್ಟ್ರು

1988ರಲ್ಲಿ ಅವರಿಗೆ ನೂರು ತುಂಬಿತು. ಶಿಷ್ಯರು ಸೇರಿ ಹಬ್ಬ ಮಾಡಿದರು. ಸಾಯೋಕೆ ಕೆಲವೇ ವಾರ ಮುಂಚಿನವರೆಗೂ ಪಾಠ ಹೇಳ್ತಿದ್ದರು. ಆಮೇಲೆ ಪ್ರಜ್ಞೆ ತಪ್ಪಿತು, 1989ರ ಫೆಬ್ರವರಿ 28ರಂದು ತೀರಿಕೊಂಡರು. ಶಿಷ್ಯರಲ್ಲಿ ಪಟ್ಟಾಭಿ ಜೋಯಿಸರು 93, ರಷ್ಯಾ ಮೂಲದ ಇಂದ್ರಾ ದೇವಿ 102 ವರ್ಷ ಬದುಕಿದರು. ಆಯುಸ್ಸು ಯಾರ ಕೈಯಲ್ಲೂ ಇಲ್ಲ. ಆದರೆ ಇವರ್ಯಾರೂ ಕೊನೆಗಾಲವನ್ನ ಮೂಲೆಯಲ್ಲಿ ಕೂತು ಕಳೆಯಲಿಲ್ಲ.

ನಮ್ಮ ಪೇಟೆ ಬೀದಿಯಲ್ಲಿ ಬೆಳಗ್ಗೆ ಎಂಟಕ್ಕೆ ಶಟರ್ ಎತ್ತಿ ರಾತ್ರಿ ಒಂಬತ್ತರವರೆಗೆ ಗಲ್ಲಾ ಮುಂದೆ ಕೂರೋರು ಎಷ್ಟು ಜನ ಇದ್ದೀರಿ! ಐವತ್ತಕ್ಕೇ ಮಂಡಿ ನೋವು, ಸಕ್ಕರೆ, ಬಿಪಿ. ವಯಸ್ಸಾಯಿತು ಇನ್ನೇನು ಯೋಗ ಅಂತ ಸುಮ್ಮನಾಗಿರ್ತೀರಿ. ಮೊಬೈಲಲ್ಲಿ ಹುಡುಗರು ತಲೆಕೆಳಗಾಗಿ ನಿಲ್ಲೋದನ್ನ ನೋಡಿ, ಇದು ನಮ್ಮ ಕೈಲಾಗಲ್ಲ ಅಂದುಕೊಂಡಿರ್ತೀರಿ. ಅದು ನಿಮ್ಮ ಪಾಠವೇ ಅಲ್ಲ. ಕೂತ ಕುರ್ಚಿಯಲ್ಲೇ ಉಸಿರು ನೋಡಿಕೊಂಡು ಎರಡು ಕೈ ಮೇಲೆತ್ತಿ ಇಳಿಸೋದರಿಂದ ಶುರು ಮಾಡಿದರೂ ಮುಚುಕುಂದಪುರದ ಮೇಷ್ಟ್ರು ಬೇಡ ಅಂತಿರಲಿಲ್ಲ. ಬಿಪಿ, ಹೃದಯದ ತೊಂದರೆ ಇರೋರು ವೈದ್ಯರನ್ನ ಕೇಳಿಕೊಂಡು ಶುರು ಮಾಡಿ, ಉಸಿರು ಹಿಡಿದಿಡೋ ಅಭ್ಯಾಸ ಮಾತ್ರ ಬೇಡ. ಗಿರಾಕಿ ಇಲ್ಲದ ಹತ್ತು ನಿಮಿಷ ಸಾಕು. ಆದರೆ ದಿನಾ.